ಎಕ್ಕಕ್ಕೆ ಧಾರೆ ಎರೆದ ದಿನ

ನಮ್ಮ ಕಡೆ ಹೆಂಗಸರು ನಿಜವಾಗಿ ಹೊಟ್ಟೆ ಉರಿದು ಬೈದರೆ ಬಾಯಿಗೆ ಬರುವುದು ಒಂದೇ ಮಾತು: ಎಕ್ಕುಟ್ಟೋಗ. ನಿನ್ನ ಮನೆ ಪಾಳು ಬಿದ್ದು ಅಂಗಳದಲ್ಲಿ ಎಕ್ಕ ಹುಟ್ಟಲಿ ಅಂತ ಅದರ ಅರ್ಥ. ನಾನು ಅದೇ ಎಕ್ಕವನ್ನು ನನ್ನ ಕೈಯಾರೆ ತಂದು ಬಾಗಿಲ ಪಕ್ಕ ನೆಟ್ಟವಳು. ತಲೆ ಕೆಟ್ಟಿದೆ ಅಂತ ಬೀದಿಯವರೆಲ್ಲ ಅಂದರು. ಅಂದುಕೊಳ್ಳಲಿ, ಅವರ ಅಂಗಳದಲ್ಲಿ ಏನು ಬೆಳೆದಿದೆ ಅಂತ ನಾನೂ ನೋಡಿದ್ದೇನೆ.

ಹುಣಸೂರಿನ ಅಂಚಿನಲ್ಲಿ, ಎಚ್.ಡಿ. ಕೋಟೆ ರಸ್ತೆಗೆ ಹತ್ತಿರದ ಒಂದು ಬಡಾವಣೆಯಲ್ಲಿ ನಮ್ಮ ಮನೆ. ಮುಂದಿನ ಕೋಣೆಯೇ ನನ್ನ ಹೊಲಿಗೆ ಅಂಗಡಿ. ಗಂಡ ಸಾಮಿಲ್ಲಿನಲ್ಲಿ ಮರ ಕೊಯ್ಯುತ್ತಾನೆ. ದಿನವಿಡೀ ಗರಗಸದ ಅರಚಾಟ ಕೇಳಿ ಬಂದವನು ಮನೆಯಲ್ಲಿ ಬಾಯಿ ಬಿಡುವುದಿಲ್ಲ, ಅವನ ಪಾಲಿನದನ್ನೂ ಸೇರಿಸಿ ನಾನೇ ಬಿಡುತ್ತೇನೆ. ರಸ್ತೆ ಅಗಲ ಮಾಡಲು ಜೆಸಿಬಿ ಬಂದ ವರ್ಷ ದಾರಿಯ ಎರಡೂ ಬದಿಯ ಲಕ್ಕಿ, ತಂಗಡಿ, ಎಕ್ಕ ಎಲ್ಲವನ್ನೂ ಬಗೆದು ರಾಶಿ ಹಾಕಿದರು. ದಾರದ ಉಂಡೆ ತರಲು ಪೇಟೆಗೆ ಹೊರಟಿದ್ದ ನಾನು ಸುಮ್ಮನೆ ನಿಂತು ನೋಡಿದೆ. ಬೇರು ಮೇಲಾಗಿ ಬಿದ್ದಿದ್ದ ಒಂದು ಎಕ್ಕದ ಎಲೆಯ ಮೇಲೆ ಕಪ್ಪು, ಹಳದಿ, ಬಿಳಿ ಪಟ್ಟೆಯ ಹುಳ ಒಂದು ಇನ್ನೂ ತಿನ್ನುತ್ತಲೇ ಇತ್ತು. ಮೇಲೆ ಯಂತ್ರ ಗುಡುಗುತ್ತಿದೆ, ಮಣ್ಣು ಕುಸಿಯುತ್ತಿದೆ, ಇದಕ್ಕೆ ತನ್ನ ಊಟದ ಚಿಂತೆ. ಅದರ ಹಟ ನನಗೆ ಹಿಡಿಸಿತು. ಹುಳದ ಸಮೇತ ಒಂದು ಕೊಂಬೆ ಮುರಿದುಕೊಂಡು, ಕೈಯೆಲ್ಲ ಹಾಲು ಮಾಡಿಕೊಂಡು ಮನೆಗೆ ಬಂದೆ.

ಅದೇ ಮಳೆಗಾಲದಲ್ಲಿ ನನ್ನ ತಂಗಿಯೂ ಮನೆಗೆ ಬಂದಳು. ಅವಳ ಗಂಡ ಪಂಪ್‌ಸೆಟ್ಟಿನ ತಂತಿ ತಗುಲಿ ಸತ್ತಿದ್ದ. ಮಕ್ಕಳಿರಲಿಲ್ಲ. ಅತ್ತೆಯ ಮನೆಯವರು ತಿಥಿ ಮುಗಿಯುವ ತನಕ ಕಾದು, ಅವಳ ಬಟ್ಟೆಯ ಗಂಟು ತಂದು ಜಗುಲಿಯ ಮೇಲಿಟ್ಟರಂತೆ. ಗಾವಡಗೆರೆ ಕಡೆಯ ನಮ್ಮ ತವರಿನಲ್ಲಿ ಅಣ್ಣನ ಸಂಸಾರವೇ ತುಂಬಿ ತುಳುಕುತ್ತಿತ್ತು. ಹಾಗಾಗಿ ನನ್ನ ಹತ್ತಿರ ಬಂದಳು, ಎರಡನೇ ಮೆಷಿನ್ನಿನ ಮುಂದೆ ಕೂತಳು. ಮೊದಮೊದಲು ಯಾರ ಜೊತೆಯೂ ಮಾತಿಲ್ಲ. ಬೆಳಿಗ್ಗೆ ಎದ್ದು ಆ ಕೊಂಬೆಗೆ ನೀರು ಹಾಕುವುದು, ಚಿಗುರಿತಾ ನೋಡುವುದು. ಎಕ್ಕಕ್ಕೆ ಯಾರಾದರೂ ನೀರು ಹಾಕುತ್ತಾರಾ ಅಂತ ನಾನು ಗದರಿದರೂ ಕೇಳಲಿಲ್ಲ. ಗಿಡ ಹತ್ತಿಕೊಂಡಿತು, ಆಳೆತ್ತರ ಬೆಳೆದು ಕಿಟಕಿಗೆ ನೆರಳಾಯಿತು.

ಚಿಟ್ಟೆಗೆ ಗಿಡ ಬೆಳೆಸುವುದೆಂದರೆ ಜನ ಏನೋ ಶಾಂತಿ, ಸೌಂದರ್ಯ ಅಂದುಕೊಳ್ಳುತ್ತಾರೆ. ಒಂದು ದಿನ ಬಂದು ನಮ್ಮ ಎಕ್ಕದ ಮುಂದೆ ಕೂತು ನೋಡಲಿ. ಹುಳ ಮೊದಲು ಎಲೆಯ ನರ ಕಚ್ಚಿ ಹಾಲು ಸೋರಿಸುತ್ತದೆ, ಎಲೆ ಸೋತು ಜೋತುಬಿದ್ದ ಮೇಲೆ ತಿನ್ನಲು ಶುರುಮಾಡುತ್ತದೆ. ಆ ಹುಳವನ್ನು ಕಣಜ ಬಂದು ಕಚ್ಚಿ, ಕಣ್ಣೆದುರೇ ಉಂಡೆ ಮಾಡಿ ಹೊತ್ತೊಯ್ಯುತ್ತದೆ. ಕೆಲವು ಹುಳಗಳ ಮೈಮೇಲೆ ನೊಣ ಬಂದು ಮೊಟ್ಟೆ ಇಟ್ಟಿರುತ್ತದೆ. ಅಂಥದ್ದು ಕಟ್ಟಿದ ಗೂಡು ಕಪ್ಪಾಗಿ, ಒಳಗಿಂದ ಚಿಟ್ಟೆಯ ಬದಲು ಬಿಳಿ ಮರಿಹುಳಗಳು ಉದುರುತ್ತವೆ. ಕಪ್ಪು ದುಂಬಿಗಳು ಹೂವಿನ ಮೇಲೆ ಒಂದಕ್ಕೊಂದು ಢಿಕ್ಕಿ ಹೊಡೆದು ನೆಲಕ್ಕೆ ಬಿದ್ದು ಅಲ್ಲೂ ಉರುಳಾಡುತ್ತವೆ. ಸೂರಕ್ಕಿ ಗಂಡು ನನ್ನ ಕಿಟಕಿಯ ಗಾಜಿನಲ್ಲಿ ತನ್ನನ್ನೇ ಕಂಡು ಕೊಕ್ಕು ಮುರಿಯುವ ಹಾಗೆ ಕುಟ್ಟುತ್ತದೆ. ಇಷ್ಟೆಲ್ಲ ದಾಟಿ ಉಳಿದ ಹುಳ ಎಲೆಯಡಿ ತಲೆಕೆಳಗಾಗಿ ಹಸಿರು ಗೂಡು ಕಟ್ಟುತ್ತದೆ, ಗೂಡಿನ ಮೇಲೆ ಚಿನ್ನದ ಚುಕ್ಕೆ. ಅದರಿಂದ ಕಿತ್ತಳೆ ಬಣ್ಣದ, ಕಪ್ಪಂಚಿನ ಹುಲಿಚಿಟ್ಟೆ ಹೊರಬರುವುದನ್ನು ನನ್ನ ತಂಗಿ ಮೊದಲ ಸಲ ನೋಡಿದ ದಿನ ಹೊಲಿಯುವುದು ಬಿಟ್ಟು ಅತ್ತಳು. ಗಂಡ ಸತ್ತಾಗ ಕೂಡ ಹಾಗೆ ಅತ್ತಿರಲಿಲ್ಲ. ಅವಳ ಮೆಷಿನ್ನಿನಲ್ಲಿದ್ದ ಜಾಕೀಟನ್ನು ನಾನೇ ಮುಗಿಸಿದೆ.

ಪಕ್ಕದ ಮನೆಯವಳಿಗೆ ಆ ಗಿಡ ಕಂಡರೆ ಆಗುತ್ತಿರಲಿಲ್ಲ. ಬಾಗಿಲೆದುರು ದರಿದ್ರ ಬೆಳೆಸಿದ್ದೀರಿ, ಹುಳ ನಮ್ಮ ಗೋಡೆ ಹತ್ತುತ್ತದೆ ಅಂತ ರಾಗ. ಒಂದು ಮಧ್ಯಾಹ್ನ ನಾನು ಮಲಗಿದ್ದಾಗ ಗಿಡದ ಬುಡಕ್ಕೆ ಕಳೆನಾಶಕ ಸುರಿಯುತ್ತಿದ್ದಳು. ತಂಗಿ ಕೂಗಿದಳು. ನಾನು ಎದ್ದು ಹೋಗಿ ಆ ಕ್ಯಾನು ಕಿತ್ತುಕೊಂಡು, ಉಳಿದಿದ್ದನ್ನು ಅವಳ ಗುಲಾಬಿ ಕುಂಡಗಳಿಗೆ ಹಂಚಿಬಂದೆ. ಅವಳು ನನ್ನ ಸೆರಗು ಹಿಡಿದಳು, ನಾನು ಅವಳ ರಟ್ಟೆ ಹಿಡಿದೆ, ಬೀದಿಗೆ ಒಳ್ಳೆಯ ಮಜಾ ಸಿಕ್ಕಿತು. ಎಕ್ಕದ ಒಂದು ಮಗ್ಗುಲು ಒಣಗಿ ಆಮೇಲೆ ಚೇತರಿಸಿಕೊಂಡಿತು. ಗುಲಾಬಿ ಒಂದೂ ಉಳಿಯಲಿಲ್ಲ. ನನಗೆ ಪಶ್ಚಾತ್ತಾಪ ಏನೂ ಆಗಲಿಲ್ಲ, ಈಗಲೂ ಇಲ್ಲ.

ಇಂಥ ಮನೆಗೆ ಅಣ್ಣ ಒಂದು ಸಂಬಂಧ ತಂದ. ಗಂಡು ರಾವಂದೂರಿನ ಕಡೆಯವನು. ಹೊಗೆಸೊಪ್ಪು ಬೆಳೆಯುತ್ತಾನೆ, ಸೊಪ್ಪು ಬೇಯಿಸುವ ಬ್ಯಾರನ್ನುಗಳು ಸ್ವಂತದ್ದೇ ಇವೆ. ನಲವತ್ತು ದಾಟಿದೆ. ಮೊದಲ ಹೆಂಡತಿ ಬಾವಿಗೆ ಬಿದ್ದು ಸತ್ತಳು. ಕಾಲು ಜಾರಿತು ಅಂತ ಹೇಳಿದರು. ಎರಡನೆಯವಳು ಸರಗೂರಿನ ತವರಿಗೆ ಹೋದವಳು ವಾಪಸ್ಸು ಬರಲಿಲ್ಲ, ಪಂಚಾಯ್ತಿ ಮಾಡಿ ಬಿಡಿಸಿಕೊಂಡರು. ಗಂಡ ಸತ್ತವಳಿಗೆ ಇನ್ನೆಂಥ ಸಂಬಂಧ ಬರುತ್ತದೆ ಅಂತ ಅಣ್ಣ ಕೇಳಿದ. ನೋಡಲು ಬಂದ ಗಂಡು ಮೆಲ್ಲಗೆ ಮಾತಾಡಿದ, ಉಪ್ಪಿಟ್ಟು ತಿಂದು ತಟ್ಟೆಯನ್ನು ತಾನೇ ಎತ್ತಿಟ್ಟ, ನನ್ನನ್ನು ಅಕ್ಕಾರೇ ಅಂದ. ತಪ್ಪು ಹುಡುಕಲು ಕೂತಿದ್ದ ನನಗೆ ಒಂದೂ ಸಿಗಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಯಾರಿಗೂ ಹೇಳದೆ ಒಂದು ದಿನ ಸರಗೂರಿಗೆ ಹೋದೆ. ಕೋಟೆಯಲ್ಲಿ ಬಸ್ಸು ಬದಲಾಯಿಸಿ, ಅಂಗಡಿ ಸಾಲಿನ ಹಿಂದೆ ಅವರಿವರನ್ನು ಕೇಳಿ ಆ ಎರಡನೆಯವಳ ಮನೆ ಹುಡುಕಿದೆ. ಅವಳ ಅಪ್ಪ ಜಗುಲಿಯಲ್ಲೇ ಕೂತಿದ್ದ. ಹುಣಸೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟವಳು ನಾನು, ತಂಗಿಗೆ ಈ ಸಂಬಂಧ ಬಂದಿದೆ ಅಂತ ಬಂದ ವಿಷಯ ನೇರವಾಗಿ ಹೇಳಿದೆ. ಒಬ್ಬರ ಬಗ್ಗೆ ಇನ್ನೊಬ್ಬರು ಮಾತಾಡಬಾರದು ಅಂತ ಪಂಚಾಯ್ತಿಯಲ್ಲಿ ಒಪ್ಪಿಕೊಂಡಿದ್ದೀವಿ, ಆ ವಿಷಯ ಬೇಡ ಅಂತ ಆತ ಕಡ್ಡಿ ಮುರಿದಂತೆ ಹೇಳಿಬಿಟ್ಟ. ಅವಳು ಕಾಫಿ ತಂದಳು. ಎಡಗೈಯಲ್ಲಿ ಕೊಟ್ಟಳು. ನಮ್ಮಲ್ಲಿ ಯಾರೂ ಎಡಗೈಯಲ್ಲಿ ಕೊಡುವುದಿಲ್ಲ. ಆ ಸೆಕೆಯಲ್ಲೂ ಮಣಿಕಟ್ಟಿನ ತನಕ ತೋಳಿರುವ ರವಿಕೆ ತೊಟ್ಟಿದ್ದಳು. ಬಲತೋಳಿನ ಬಟ್ಟೆ ಮೊಣಕೈ ಹತ್ತಿರ ಒಂದೇ ಕಡೆ ಮಡಿಸಿ ಮಡಿಸಿ ಸವೆದಿತ್ತು. ಆ ಕೈ ಪೂರ್ತಿ ಚಾಚುವುದಿಲ್ಲ ಅಂತ ನನಗೆ ಗೊತ್ತಾಯಿತು. ಇಷ್ಟು ವರ್ಷ ಹೆಂಗಸರ ತೋಳಿನ ಅಳತೆ ತೆಗೆದವಳು ನಾನು.

ಗೇಟಿನ ತನಕ ಬಂದಾಗ ಅವಳನ್ನೇ ಕೇಳಿದೆ, ಮನುಷ್ಯ ಹೇಗೆ ಅಂತ. ಅವಳು ಅಪ್ಪನ ಕಡೆ ಒಮ್ಮೆ ನೋಡಿದಳು.

"ಒಳ್ಳೇವ್ರೇ. ಕೋಪ ಒಂದು ಬತ್ತದೆ" ಅಂದಳು.

ಅಷ್ಟೇ. ಮನೆಗೆ ಬಂದು ಕಂಡದ್ದನ್ನೆಲ್ಲ ಹೇಳಿದೆ. ಕೈ ಮುರಿಯಲು ನೂರು ಕಾರಣ ಇರುತ್ತವೆ ಅಂದ ಅಣ್ಣ, ಫೋನಿನಲ್ಲಿ. ತಂಗಿ ಕಾಜ ಹೊಲಿಯುತ್ತಾ ಎಲ್ಲ ಕೇಳಿಸಿಕೊಂಡಳು. ಬೇಡ ಅನ್ನೇ ಅಂತ ನಾನು ಬೇಡಿಕೊಂಡೆ, ಆಮೇಲೆ ಬೈದೆ, ಕೈಗೆ ಸಿಕ್ಕ ಕತ್ತರಿಯನ್ನು ಗೋಡೆಗೆ ಎಸೆದೆ. ಅವಳು ಎದ್ದು ಹೋಗಿ ಕತ್ತರಿ ಎತ್ತಿ ತಂದು ಮೇಜಿನ ಮೇಲೆ ಇಟ್ಟಳು.

"ಕೋಪ ನಿಂಗಿಲ್ವಾ ಅಕ್ಕ? ನಿನ್ ಜೊತೆ ಬಾಳ್ತಾ ಇಲ್ವಾ ನಾನು?" ಅಂದಳು. "ನಂದೂ ಅಂತ ಒಂದು ಒಲೆ ಬೇಕು ಕಣಕ್ಕ."

ನನ್ನ ಒಲೆಯ ಮೇಲೆ ಅವಳು ಪಾತ್ರೆ ಇಡುವಾಗ ಪ್ರತಿ ಸಲ ನನ್ನನ್ನು ಕೇಳಿಯೇ ಇಡುತ್ತಿದ್ದಳು ಎನ್ನುವುದು ಆಗ ಹೊಳೆಯಿತು. ಕತ್ತರಿಯ ತುದಿ ಮೊಂಡಾಗಿತ್ತು. ಮಾರನೆಯ ದಿನ ಸಾಣೆ ಹಿಡಿಸಿದೆ, ಅವಳಿಗೆ ಮದುವೆಯ ರವಿಕೆ ಕತ್ತರಿಸಿದೆ.

ಇನ್ನೇನು ಎಲ್ಲ ನಿಶ್ಚಯವಾಯಿತು ಅನ್ನುವಾಗ ಗಂಡಿನ ಕಡೆಯ ಜೋಯಿಸರು ಒಂದು ಕೊಕ್ಕೆ ಹಾಕಿದರು. ಮೂರನೆಯ ಮದುವೆ ಗಂಡಸಿಗೆ ಆಗಿಬರುವುದಿಲ್ಲ. ಅದಕ್ಕೆ ಮೊದಲು ಎಕ್ಕಕ್ಕೆ ತಾಳಿ ಕಟ್ಟಬೇಕು. ಮೂರನೆಯವಳು ಎಕ್ಕ. ಕಟ್ಟಿದ ಮೇಲೆ ಅದನ್ನು ಕಡಿದು ಉರುಳಿಸಿ ತಲೆಗೆ ಸ್ನಾನ ಮಾಡಿದರೆ ಮೂರನೆಯವಳು ಸತ್ತ ಹಾಗೆ, ಬರುವವಳು ನಾಲ್ಕನೆಯವಳು, ಅವಳಿಗೆ ದೋಷವಿಲ್ಲ. ಈ ಪದ್ಧತಿ ನಾನೂ ಕೇಳಿ ಬಲ್ಲೆ. ಆದರೆ ಈ ಜೋಯಿಸರ ಲೆಕ್ಕದಲ್ಲಿ ದಾರಿ ಬದಿಯ ಎಕ್ಕ ನಡೆಯುವುದಿಲ್ಲ, ಅದಕ್ಕೆ ಅಪ್ಪ ಅಮ್ಮ ಇಲ್ಲ. ಧಾರೆ ಎರೆದು ಕೊಡುವವರಿರಬೇಕು, ಮನೆಯಂಗಳದಲ್ಲಿ ಹೆಣ್ಣಿನ ಕೈಯಲ್ಲಿ ಬೆಳೆದ ಗಿಡವೇ ಆಗಬೇಕು. ಎಕ್ಕುಟ್ಟೋಗ ಅಂತ ಬೈಯುವ ಊರುಗಳಲ್ಲಿ ಮನೆಯಂಗಳದಲ್ಲಿ ಎಕ್ಕ ಸಾಕುವ ಹುಚ್ಚಿ ನನ್ನ ಬಿಟ್ಟರೆ ಯಾರಿದ್ದಾರೆ? ಅಣ್ಣ ನನ್ನನ್ನು ಒಂದು ಮಾತೂ ಕೇಳದೆ ಒಪ್ಪಿಕೊಂಡು ಬಂದಿದ್ದ.

"ಗಿಡ ತಾನೇ, ಬುಡು" ಅಂದ.

ಆ ದಿನ ನಾನು ಅವನಿಗೆ ಅಂದದ್ದನ್ನೆಲ್ಲ ಇಲ್ಲಿ ಬರೆಯಲಾಗುವುದಿಲ್ಲ. ಗಿಡದ ಒಂದು ಎಲೆ ಮುಟ್ಟಿದರೂ ಕೈ ಕಡಿಯುತ್ತೇನೆ ಅಂದೆ. ಕೊನೆಗೆ ನನ್ನ ಬಾಯಿ ಕಟ್ಟಿದವಳು ತಂಗಿಯೇ. ಕೊಟ್ಟುಬಿಡು ಅಕ್ಕ ಅಂದಳು, ಅವಳ ಮುಖ ನೋಡಿ ಒಪ್ಪಿಕೊಂಡೆ. ಗಂಡ ಸತ್ತವಳ ಮದುವೆಗೆ ನಮ್ಮವರಲ್ಲಿ ಧಾರೆ ಎರೆಯುವುದಿಲ್ಲ. ಎಕ್ಕದ ಮದುವೆಯ ಮಾರನೆಯ ದಿನ ಯಾವುದೋ ದೇವಸ್ಥಾನದ ಮೂಲೆಯಲ್ಲಿ ಒಂದು ತಾಳಿ ಕಟ್ಟಿಸಿ ಕಳಿಸುವುದು ಅಂತ ತೀರ್ಮಾನವಾಗಿತ್ತು. ಗಿಡಕ್ಕೆ ಧಾರೆ ಇತ್ತು, ನನ್ನ ತಂಗಿಗೆ ಇರಲಿಲ್ಲ. ಇದನ್ನು ಯಾರಿಗೆ ಹೇಳಿದರೂ ಅದರಲ್ಲೇನಿದೆ ಅನ್ನುವ ಹಾಗೆ ನೋಡಿದರು.

ಗಿಡ ಕಡಿಯುವ ಹಿಂದಿನ ಸಂಜೆ ನಾನೂ ತಂಗಿಯೂ ಕೂತು ಹುಳಗಳನ್ನೆಲ್ಲ ಎಲೆ ಸಮೇತ ಬಿಡಿಸಿ ಒಂದು ಬಿದಿರು ಬುಟ್ಟಿಗೆ ತುಂಬಿದೆವು. ಕೆಳಗಿನ ಒಂದು ಕೊಂಬೆಯಲ್ಲಿ ಎರಡು ಗೂಡು ಕಟ್ಟಿದ್ದವು. ಒಂದರ ಹಸಿರು ಆಗಲೇ ತೆಳುವಾಗಿ ಒಳಗಿನ ಕಿತ್ತಳೆ ಕಾಣುತ್ತಿತ್ತು. ಕಿತ್ತರೆ ರೆಕ್ಕೆ ಮುರುಟಿಕೊಳ್ಳುತ್ತದೆ ಅಂತ ತಂಗಿ ಅದನ್ನು ಮುಟ್ಟಲಿಲ್ಲ, ಆ ಕೊಂಬೆಗೆ ಒಂದು ಕೆಂಪು ದಾರ ಕಟ್ಟಿದಳು. ಬೆಳಿಗ್ಗೆ ಗಂಡು, ಅವನ ಕಡೆಯ ನಾಲ್ಕಾರು ಜನ, ಜೋಯಿಸರು, ಅಣ್ಣ ಬಂದು ಅಂಗಳದಲ್ಲಿ ನಿಂತಾಗ ತಂಗಿ ಬಾಗಿಲಿಗೆ ಬಂದು ಅವನನ್ನೇ ಕೇಳಿದಳು, ಆ ಒಂದು ಕೊಂಬೆ ಬಿಟ್ಟು ಕಡಿಯಿರಿ ಅಂತ. ಅವನು ದಾರ ನೋಡಿದ, ನಕ್ಕ, ಆಗಲಿ ಅಂದ. ಅವಳು ಅವನಲ್ಲಿ ಕೇಳಿದ್ದು ಅದೊಂದೇ. ಆಮೇಲೆ ಒಳಗೆ ಹೋಗಿ ಕಿಟಕಿಯ ಪಕ್ಕದ ಮೆಷಿನ್ನಿನ ಮುಂದೆ ಕೂತು ತನ್ನ ರವಿಕೆಗೆ ಹುಕ್ಕು ಹಾಕತೊಡಗಿದಳು.

ನಾನೂ ನನ್ನ ಗಂಡನೂ ಗಿಡದ ಅಪ್ಪ ಅಮ್ಮ. ಅವನ ಕೈಮೇಲೆ ನನ್ನ ಕೈ, ತಂಬಿಗೆಯಿಂದ ನೀರು. ಗಿಡದ ಕಾಂಡಕ್ಕೆ ಹೊಸ ರವಿಕೆ ಕಣ ಸುತ್ತಿದರು, ಅರಿಶಿನ ಕುಂಕುಮ ಹಚ್ಚಿದರು. ಅರಿಶಿನದ ಕೊಂಬು ಕಟ್ಟಿದ ದಾರವನ್ನು ಆ ಗಂಡು ಬಗ್ಗಿ ಕಾಂಡಕ್ಕೆ ಮೂರು ಗಂಟು ಹಾಕಿದ. ದುಂಬಿಗಳು ತಮ್ಮ ಪಾಡಿಗೆ ಹೂವಿನ ಮೇಲೆ ಜಗಳವಾಡುತ್ತಿದ್ದವು. ಜೋಯಿಸರು ಒಂದೇ ಏಟಿಗೆ ಕಡಿಯಬೇಕು ಅಂತ ಹೇಳಿ ಮಚ್ಚು ಕೊಟ್ಟರು.

ಎಕ್ಕದ ಕಾಂಡ ನೋಡಲು ಮೆತ್ತಗೆ. ಆದರೆ ಅದರ ಸಿಪ್ಪೆಯ ನಾರು ಹಗ್ಗ ಹೊಸೆಯುವಷ್ಟು ಗಟ್ಟಿ. ಹೊಗೆಸೊಪ್ಪು ಕಡಿದು ಅಭ್ಯಾಸವಾದ ಆ ಗಂಡು ಅದೇ ಲೆಕ್ಕದಲ್ಲಿ ಬೀಸಿದ. ಮಚ್ಚು ಕಚಕ್ಕನೆ ಒಳಗಿಳಿದು ನಾರಿನಲ್ಲಿ ಸಿಕ್ಕಿಕೊಂಡಿತು. ಹಾಲು ಸಿಡಿದು ಅವನ ಹೊಸ ಪಂಚೆ, ಎದೆ, ಮುಖಕ್ಕೆಲ್ಲ ಬಿತ್ತು. ಎಳೆದ, ಬರಲಿಲ್ಲ. ಅವನ ಕಡೆಯವನೇ ಒಬ್ಬ ಕಿಸಕ್ಕನೆ ನಕ್ಕ, ಮೂರನೆಯವಳು ಬಲೇ ಗಟ್ಟಿ ಅಂದ. ಉಳಿದವರೂ ನಕ್ಕರು.

ಆಗ ಅವನ ಮುಖ ಬದಲಾಯಿತು. ಬಿಗಿದುಕೊಳ್ಳಲಿಲ್ಲ, ಕೆಂಪಾಗಲಿಲ್ಲ. ಎಲ್ಲ ಇಳಿದುಹೋಗಿ ಖಾಲಿಯಾಯಿತು. ಮಚ್ಚನ್ನು ಕಾಲು ಕೊಟ್ಟು ಕಿತ್ತ. ಎಡಗೈಯಿಂದ ಗಿಡದ ತುದಿಯ ಕೊಂಬೆಗಳನ್ನೆಲ್ಲ ಒಟ್ಟುಗೂಡಿಸಿ ಹಿಡಿದು, ಮಣಿಕಟ್ಟಿಗೆ ಒಂದು ಸುತ್ತು ಸುತ್ತಿಕೊಂಡ. ಎಳೆದು ಬಗ್ಗಿಸಿ, ನಡುವಿಗೆ ಮೊಣಕಾಲು ಕೊಟ್ಟ. ಕಾಂಡಕ್ಕೆ ಸುತ್ತಿದ್ದ ರವಿಕೆ ಕಣ ಹರಿಯಿತು. ಗಿಡ ಕಡಿಯುವವರು ಯಾರೂ ಹಾಗೆ ಹಿಡಿಯುವುದಿಲ್ಲ. ಎಲ್ಲಿ ಹಿಡಿಯಬೇಕು, ಎಷ್ಟು ಸುತ್ತಬೇಕು, ಮೊಣಕಾಲು ಎಲ್ಲಿಗೆ ಊರಬೇಕು, ಎಲ್ಲವೂ ಆ ಕೈಕಾಲಿಗೆ ಗೊತ್ತಿತ್ತು.

"ಬೀಳೇ. ಬಿದ್ಕೊಳ್ಳೇ" ಅಂದ. ಕೂಗಲಿಲ್ಲ, ಮೆಲ್ಲಗೇ ಅಂದ.

ಏಟಿನ ಮೇಲೆ ಏಟು. ಗಿಡ ನೆಲಕ್ಕೆ ಬಿದ್ದ ಮೇಲೂ ನಿಲ್ಲಿಸಲಿಲ್ಲ. ಜೋಯಿಸರು ಸಾಕು ಸಾಕು ಅನ್ನುತ್ತಿದ್ದರು. ಬಿದ್ದದ್ದನ್ನು ತುಳಿದ, ಕೊಂಬೆಗಳನ್ನು ಬುಡದಿಂದ ಸಿಗಿದು ಎಸೆದ. ಕೆಂಪು ದಾರದ ಕೊಂಬೆಯೂ ಹೋಯಿತು, ಅವನ ಮುಷ್ಟಿಯಲ್ಲಿ ಹಿಸುಕಿ ಬೆರಳ ಸಂದಿಯಿಂದ ಕಿತ್ತಳೆ ಬಣ್ಣದ ನೀರು ಇಳಿಯಿತು. ಆಮೇಲೆ ಹಾಲು ಬಳಿದ ಅದೇ ಕೈಯಿಂದ ಮುಖದ ಬೆವರು ಒರೆಸಿಕೊಂಡ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಏನಾಗುತ್ತದೆ ಅಂತ ನಮ್ಮ ಕಡೆ ಹಸುಗೂಸಿಗೂ ಗೊತ್ತು. ಮಚ್ಚು ಬಿಟ್ಟು ಕಣ್ಣು ಮುಚ್ಚಿಕೊಂಡು ಅರಚುತ್ತಾ ಕೂತುಬಿಟ್ಟ.

ಯಾರಿಗೂ ಏನು ಮಾಡಬೇಕೋ ತೋಚಲಿಲ್ಲ. ನನಗೆ ತೋಚಿತ್ತು, ಆದರೆ ಮಾಡಲು ಮನಸ್ಸಿರಲಿಲ್ಲ. ಕಣ್ಣು ಹೋದರೆ ಹೋಗಲಿ ಅಂತ ನಿಂತಿದ್ದೆ, ಸುಳ್ಳು ಯಾಕೆ ಹೇಳಲಿ. ತಂಗಿ ಒಳಗಿಂದ ಬಿಂದಿಗೆ ತಂದಳು. ಅವನ ಎದುರು ಕೂತು, ತಲೆ ಹಿಂದಕ್ಕೆ ವಾಲಿಸಿ, ರೆಪ್ಪೆ ಬಿಡಿಸಿ ಚೊಂಬಿನಿಂದ ನೀರು ಬಿಡುತ್ತಾ ಹೋದಳು. ಅವಳ ಮುಖ ಕಲ್ಲಾಗಿತ್ತು. ನೀರು ತಾಗಿ ಉರಿ ಹೆಚ್ಚಾಯಿತೋ ಏನೋ, ಅವನು ಕಣ್ಣು ಮುಚ್ಚಿಕೊಂಡೇ ಅವಳ ಕೈ ಹಿಡಿದ. ಹಿಡಿದು ತಿರುಚಿದ. ಚೊಂಬು ಬಿತ್ತು.

"ಬಿಡಿ" ಅಂದಳು ತಂಗಿ. ಅವನು ಬಿಡಲಿಲ್ಲ. ಅವಳು ತಲೆಯೆತ್ತಿ ನನ್ನನ್ನು ನೋಡಿದಳು.

ನಾನು ಒಳಗೆ ಹೋದದ್ದು ನೆನಪಿಲ್ಲ. ಹೊರಗೆ ಬಂದಾಗ ಕೈಯಲ್ಲಿ ಮುದ್ದೆ ತೊಳಸುವ ದೊಣ್ಣೆ ಇತ್ತು. ಅವನ ಮುಂಗೈ ಮೇಲೆ ಬಿಟ್ಟೆ. ಅವನು ಹಿಡಿತ ಬಿಡುವ ತನಕ ಬಿಟ್ಟೆ. ಅವನು ಬಿಟ್ಟ ಮೇಲೆ ಅಣ್ಣ ನನ್ನ ಜುಟ್ಟು ಹಿಡಿದ, ಮಾನ ಕಳೆದೆಯಲ್ಲೇ ಅಂತ ಕೆನ್ನೆಗೆ ಬಾರಿಸಿದ. ಬಾಯಿಯೊಳಗೆ ರಕ್ತದ ಉಪ್ಪು ಬಂತು. ಆಗ ನನ್ನ ಗಂಡ, ಇಷ್ಟು ವರ್ಷ ಬಾಯಿ ಬಿಡದವನು, ಬಾಯಿ ಬಿಡದೆಯೇ ಅಣ್ಣನನ್ನು ಎರಡೂ ಕೈಯಲ್ಲಿ ಎತ್ತಿ ಗೇಟಿನಾಚೆ ಹಾಕಿದ. ಗಂಡಿನ ಕಡೆಯವರು ನುಗ್ಗಿದರು. ಪಕ್ಕದ ಮನೆಯವಳು, ಆ ಗುಲಾಬಿಯವಳು, ಕಾಂಪೌಂಡಿನ ಮೇಲಿಂದ ನೀರಿನ ಬಕೆಟ್ಟನ್ನೇ ಅವರ ಮೇಲೆಸೆದು ಪೊಲೀಸರಿಗೆ ಫೋನು ಮಾಡುತ್ತೇನೆ ಅಂತ ಕೂಗಿದಳು. ಅವಳು ನನ್ನ ಪರ ನಿಂತದ್ದು ಅವತ್ತೊಂದೇ ದಿನ.

ಗದ್ದಲ ನಿಂತಾಗ ತಂಗಿ ಬಿದ್ದ ಗಿಡದ ಹತ್ತಿರ ಕೂತಿದ್ದಳು. ಹಾಲು ಮೆತ್ತಿದ ಕಾಂಡದಿಂದ ಅರಿಶಿನದ ದಾರದ ಗಂಟನ್ನು ಉಗುರಿನಿಂದ ಬಿಡಿಸಿದಳು. ಎದ್ದು ಬಂದು ಜೋಯಿಸರ ತಟ್ಟೆಯೊಳಗೆ ಹಾಕಿದಳು.

"ಒಂದು ಕೊಂಬೆ ಕೇಳಿದ್ದೆ" ಅಂದಳು. "ಇವ್ರನ್ನ ಕಣ್ಣಿನ ಡಾಕ್ಟ್ರತ್ರ ಕರ್ಕೊಂಡೋಗಿ. ನಾನ್ ಬರಲ್ಲ."

ಅವರು ಬೈದುಕೊಂಡೇ ಹೋದರು. ಆ ಗಂಡಿಗೆ ಬಹಳ ದಿನ ಕಣ್ಣು ಮಬ್ಬಾಗಿದ್ದು ಆಮೇಲೆ ಸರಿಯಾಯಿತಂತೆ. ಅಣ್ಣ ಈಗಲೂ ನಮ್ಮ ಮನೆಗೆ ಬರುವುದಿಲ್ಲ, ಹಬ್ಬಕ್ಕೆ ಕರೆಯುವುದಿಲ್ಲ. ಆ ಮಧ್ಯಾಹ್ನ ನಮಗೆ ಇದ್ಯಾವುದರ ಚಿಂತೆಯೂ ಇರಲಿಲ್ಲ. ಬುಟ್ಟಿಯಲ್ಲಿದ್ದ ಹುಳಗಳು ಎಲೆಯೆಲ್ಲ ಮುಗಿಸಿ ಅಂಚಿಗೆ ಹತ್ತುತ್ತಿದ್ದವು. ಕಡಿದು ಬಿದ್ದ ಕೊಂಬೆಗಳನ್ನೇ ಆಯ್ದು ಬಕೆಟ್ಟಿನ ನೀರಿನಲ್ಲಿ ನಿಲ್ಲಿಸಿ, ಹುಳಗಳನ್ನು ಅದರ ಮೇಲೆ ಬಿಟ್ಟೆವು. ತಂಗಿ ಎಡಗೈಯಲ್ಲೇ ಎಲ್ಲ ಮಾಡಿದಳು, ಬಲಗೈಯ ಮಣಿಕಟ್ಟು ಊದಿಕೊಂಡಿತ್ತು. ಸಂಜೆ ಅಡುಗೆಗೆ ನಿಂತಾಗ ನನ್ನನ್ನು ಕೇಳದೆ ಒಲೆಯ ಮೇಲೆ ಪಾತ್ರೆ ಇಟ್ಟಳು. ನಾನು ನೋಡಿಯೂ ನೋಡದ ಹಾಗೆ ಈರುಳ್ಳಿ ಹೆಚ್ಚಿದೆ.

ಮುಂಗಾರು ಬರುವ ಮೊದಲೇ ಎಕ್ಕದ ಬುಡದಿಂದ ಚಿಗುರು ಎದ್ದಿತು, ಒಂದಲ್ಲ, ಮುಷ್ಟಿ ತುಂಬ. ಉಳಿದ ಕೊಂಬೆಗಳಲ್ಲಿ ಕೆಲವನ್ನು ತಂಗಿ ಕಾಂಪೌಂಡಿನ ಉದ್ದಕ್ಕೂ ನೆಟ್ಟಿದ್ದಳು, ಅವೂ ಹತ್ತಿದವು. ಕಣಜಗಳು ಬಂದವು, ನೊಣ ಬಂತು, ಹುಲಿಚಿಟ್ಟೆಯೂ ಬಂತು, ಕೊಲ್ಲುವುದು ತಿನ್ನುವುದು ಎಲ್ಲ ಮತ್ತೆ ಶುರುವಾಯಿತು.

ಹಾಗಿರುವಾಗ ಒಂದು ಬೆಳಿಗ್ಗೆ ಗೇಟಿನ ಹತ್ತಿರ ಒಬ್ಬ ಹೆಂಗಸು ನಿಂತಿದ್ದಳು. ಉದ್ದ ತೋಳಿನ ರವಿಕೆ, ಎಡಗೈಯಲ್ಲಿ ಬಟ್ಟೆಯ ಚೀಲ. ಸರಗೂರಿನವಳು. ರವಿಕೆ ಹೊಲಿಸಲು ಬಂದೆ ಅಂದಳು. ಒಂದು ರವಿಕೆ ಹೊಲಿಸಲು ಸರಗೂರಿನಿಂದ ಎರಡು ಬಸ್ಸು ಹತ್ತಿ ಯಾರೂ ಹುಣಸೂರಿಗೆ ಬರುವುದಿಲ್ಲ. ಒಳಗೆ ಬರುವ ಮೊದಲು ಅವಳು ಎಕ್ಕದ ಮುಂದೆ ನಿಂತಳು. ಮಚ್ಚಿನ ಗಾಯ ಕಪ್ಪಾಗಿದ್ದ ಬೊಡ್ಡೆಯನ್ನೂ, ಅದರ ಸುತ್ತ ಸೊಂಟದೆತ್ತರ ಎದ್ದಿದ್ದ ಚಿಗುರನ್ನೂ ಬಹಳ ಹೊತ್ತು ನೋಡಿದಳು.

"ಇದೇನಾ, ಅವ್ರು ಕಟ್ಕೊಂಡು ಕಡ್ದಿದ್ದು?"

ಹೌದು ಅಂತ ನನ್ನ ತಂಗಿ ಹೇಳಿದಳು.

"ಬದ್ಕೊತು ಬುಡಿ" ಅಂದಳು ಅವಳು. ಬಗ್ಗಿ ಒಂದು ಎಲೆಯನ್ನು ಬಲಗೈಯಿಂದ ಮುಟ್ಟಲು ಹೋದಳು. ಆ ಕೈ ಅಷ್ಟು ದೂರ ಚಾಚಲಿಲ್ಲ, ಇನ್ನೊಂದು ಹೆಜ್ಜೆ ಮುಂದೆ ಹೋಗಿ ಮುಟ್ಟಿದಳು.

ಒಳಗೆ ಬಂದು ಬಟ್ಟೆ ಬಿಚ್ಚಿಟ್ಟಳು, ಹಸಿರು ಬಣ್ಣದ್ದು. ತೋಳು ಈಗಿರುವ ಹಾಗೇ ಉದ್ದ ಇಡಲಾ ಅಂತ ತಂಗಿ ಕೇಳಿದಳು. ಅವಳು ತನ್ನ ಮಣಿಕಟ್ಟಿನ ಬಟ್ಟೆ ಹಿಡಿದು ನೋಡಿದಳು, ಆಮೇಲೆ ಮೊಣಕೈಗಿಂತ ಮೇಲೆ ಬೆರಳಿಟ್ಟು ತೋರಿಸಿದಳು.

"ಇಲ್ಲಿಗ್ ಇಡಿ. ಕಾಣ್ಲಿ" ಅಂದಳು.

ತಂಗಿ ಟೇಪು ತೆಗೆದುಕೊಂಡು ಭುಜದಿಂದ ಅಳತೆ ಶುರುಮಾಡಿದಳು.